ದರ್ಶನಕ್ಕಿಟ್ಟ ಪೆಟ್ಟಿಗೆ

ರಾಯದುರ್ಗದಲ್ಲಿ ಓಬುಲೇಶನನ್ನು ಅರಿಯದವರಿಲ್ಲ. ಆದರೆ ಬೆಳಿಗ್ಗೆ ಎದ್ದು ಆ ಹೆಸರನ್ನು ಬಾಯಲ್ಲಿ ತರುವವರೂ ಇಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವನದು ಶಾಮಿಯಾನ, ಕುರ್ಚಿ, ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಅಷ್ಟೇ ಇದ್ದಾಗ ಎಲ್ಲ ಸರಿಯಾಗಿತ್ತು. ಮದುವೆ, ಗಣಪತಿ, ಎಲೆಕ್ಷನ್ ಮೀಟಿಂಗು, ಎಲ್ಲದಕ್ಕೂ ಅವನೇ ಬೇಕು. ಯಾವಾಗ ಅನಂತಪುರದಿಂದ ಐಸ್ ಪೆಟ್ಟಿಗೆ ತಂದನೋ ಅಂದಿನಿಂದ ಜನ ಅವನನ್ನು ನೋಡುವ ರೀತಿ ಬದಲಾಯಿತು. ಐಸ್ ಪೆಟ್ಟಿಗೆ ಎಂದರೆ ಹೆಣ ಕೆಡದಂತೆ ಇಡುವ ಪೆಟ್ಟಿಗೆ. ಮೇಲೆ ಗಾಜಿನ ಮುಚ್ಚಳ, ಕೆಳಗೆ ಮೋಟಾರು. ದೂರದಲ್ಲಿರುವ ಮಕ್ಕಳು ಬರುವ ತನಕ ತಾಯಿಯನ್ನೋ ತಂದೆಯನ್ನೋ ಅದರಲ್ಲಿ ಮಲಗಿಸಿರುತ್ತಾರೆ.

ಆ ಪೆಟ್ಟಿಗೆಯನ್ನು ಊರಿಂದೂರಿಗೆ ಹೊರುವ ಟ್ರಾಲಿ ಆಟೋ ನನ್ನದು. ನನ್ನ ಹೆಸರು ಕಲ್ಲೇಶ. ಓಬುಲೇಶನೂ ನಾನೂ ಓರಗೆಯವರು. ಅವನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. ಅವನ ಮೇಲೆ ನನಗೇ ಬಂದಿರುವ ಸಿಟ್ಟು ಬೇರೆ. ಅದನ್ನೇ ಈಗ ಹೇಳಲು ಹೊರಟಿರುವುದು.

ಅವನು ಡಿ. ಹಿರೇಹಾಳಿನ ಕಡೆಯವನು. ಹತ್ತನೇ ಕ್ಲಾಸು ಬಿಟ್ಟು ಇಲ್ಲಿಯ ಟಾಕೀಸಿನಲ್ಲಿ ಪೋಸ್ಟರ್ ಅಂಟಿಸುವ ಕೆಲಸಕ್ಕೆ ಸೇರಿದ. ಮೈದಾ ಅಂಟು ಮೊಣಕೈವರೆಗೆ ಮೆತ್ತಿಕೊಂಡು, ಸೈಕಲ್ ಮೇಲೆ ಏಣಿ ಇಟ್ಟುಕೊಂಡು ಕಣೇಕಲ್ಲು, ಬೆಳುಗುಪ್ಪದವರೆಗೂ ಹೋಗುತ್ತಿದ್ದ. ಆಗ ಹತ್ತಿದ್ದು ಒಬ್ಬ ಕನ್ನಡ ನಟನ ಹುಚ್ಚು. ನಟನ ನಿಜ ಹೆಸರು ಇಲ್ಲಿ ಬೇಡ. ಅಭಿಮಾನಿಗಳೆಲ್ಲ ಅವರನ್ನು ದೊರೆ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಗಡಿಯ ಈಚೆ ನಾವು ಇರುವುದು ಆಂಧ್ರದಲ್ಲಾದರೂ ದೊರೆಯ ಪಿಕ್ಚರು ಬಂದರೆ ತೆಲುಗು ಮನೆಯವರೂ ಲೈನಿನಲ್ಲಿ ನಿಲ್ಲುತ್ತಿದ್ದರು. ಓಬುಲೇಶ ಅವರ ಮುಖವನ್ನು ಊರ ಗೋಡೆಗೆಲ್ಲ ಅಂಟಿಸಿದವನು. ಮುದುರು ಬರದಂತೆ, ಗುಳ್ಳೆ ಏಳದಂತೆ ಅಂಗೈಯಲ್ಲಿ ಒರೆಸಿ ಒರೆಸಿ ಅಂಟಿಸುತ್ತಿದ್ದ. ಟಾಕೀಸು ಮುಚ್ಚಿದ ಮೇಲೆ ಮೈಕ್‌ಸೆಟ್ ಅಂಗಡಿ ಇಟ್ಟ.

ಪೆಟ್ಟಿಗೆ ತಂದದ್ದಕ್ಕೆ ಕಾರಣವಿತ್ತು. ಸಾವಿನ ಮನೆ ಮುಂದೆ ಶಾಮಿಯಾನ ಹಾಕಲು ಹೋಗಿ ಹೋಗಿ ಅವನು ಕಣ್ಣಾರೆ ಕಂಡದ್ದು ಅದು. ಬೇಸಿಗೆಯಲ್ಲಿ ಹೆಣವನ್ನು ಐಸ್ ಗಡ್ಡೆಯ ಮೇಲಿಟ್ಟು ಮರದ ಹೊಟ್ಟು ಸುರಿಯುತ್ತಿದ್ದರು. ಮಕ್ಕಳು ಬಂದು ಸೇರುವ ಹೊತ್ತಿಗೆ ಮುಖ ಗುರುತು ಸಿಗದಂತೆ ಆಗಿರುತ್ತಿತ್ತು. ಒಂದು ಸಲ ಒಬ್ಬಳು ಹೆಣ್ಣುಮಗಳು ಇದು ನಮ್ಮಪ್ಪ ಅಲ್ಲವೇ ಅಲ್ಲ ಎಂದು ಹಟ ಹಿಡಿದು ಕುಳಿತದ್ದನ್ನು ನೋಡಿ ಬಂದ ಮೇಲೆ ಓಬುಲೇಶ ಎರಡು ದಿನ ಸರಿಯಾಗಿ ಅನ್ನ ತಿನ್ನಲಿಲ್ಲ.

“ಮಕ್ಕಳಿಗೆ ಮುಖಾನ ಸಿಗಲಿಲ್ಲ ಅಂದ್ರ ಅದೇನು ಸಾವೋ ಕಲ್ಲೇಶ,” ಎಂದಿದ್ದ. “ಏನರ ಮಾಡಬೇಕು.”

ಮಾಡಿದ. ಮಾಡಿ ಕೆಟ್ಟ. ಪೆಟ್ಟಿಗೆ ಬಂದ ವರ್ಷದಿಂದಲೇ ಮದುವೆ ಶಾಮಿಯಾನಕ್ಕೆ ಜನ ಬೇರೆಯವನನ್ನು ಹುಡುಕಿಕೊಂಡರು. ಹೆಣದ ಮನೆಯ ಬಟ್ಟೆ ಮದುವೆ ಮನೆಗೆ ಯಾಕೆ ಎಂದರು. ಶುಭ ಕಾರ್ಯಕ್ಕೆ ಹೊರಟವರು ಅವನು ಎದುರು ಬಂದರೆ ಬೈಕು ನಿಲ್ಲಿಸಿ ಒಂದು ನಿಮಿಷ ಕಾದು ಹೋಗುತ್ತಾರೆ. ಟೀ ಅಂಗಡಿಯ ಕೊಟ್ರಮ್ಮ ಅವನಿಗೆ ಲೋಟ ಕೊಡುವುದೇನೋ ಕೊಡುತ್ತಿದ್ದಳು, ಆದರೆ ಬೆಂಚಿನ ಮೇಲೆ ಕುಳಿತವರು ಅವನು ಬಂದ ಕೂಡಲೇ ಏನೋ ಕೆಲಸ ನೆನಪಾದವರ ಹಾಗೆ ಏಳುತ್ತಿದ್ದರು. ಅದಕ್ಕೆ ಅವನು ಹೊರಗೆ, ಲೈಟ್ ಕಂಬದ ಬಳಿ ನಿಂತೇ ಕುಡಿದು ಹೋಗುವುದನ್ನು ಅಭ್ಯಾಸ ಮಾಡಿಕೊಂಡ. ಅವನ ಹೆಂಡತಿ ಶಾಂತಕುಮಾರಿ ಆ ಪೆಟ್ಟಿಗೆ ಮಾರಿಬಿಡಿ ಎಂದು ಗಂಟುಬಿದ್ದಿದ್ದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮನೆಯಲ್ಲಿ ಸಾವಾದಾಗ ಮಾತ್ರ ಇದೇ ಜನ ಓಡೋಡಿ ಬಂದು ಅವನ ಕೈ ಹಿಡಿಯುತ್ತಿದ್ದರು. ಅವನು ಯಾರಿಗೂ ಇಲ್ಲ ಎಂದವನಲ್ಲ. ಅವನದೇ ಕೆಲವು ನಿಯಮಗಳಿದ್ದವು. ಹೆಣವಿಲ್ಲದೆ ಪೆಟ್ಟಿಗೆಯನ್ನು ಸುಮ್ಮನೆ ಹೊರಗೆ ತೆಗೆಯಬಾರದು. ದಾರಿಯಲ್ಲಿ ಬಿಳಿ ಬಟ್ಟೆ ಮುಚ್ಚಿರಬೇಕು, ಎಳೆ ಮಕ್ಕಳು ಕಂಡು ಹೆದರಬಾರದು. ವಾಪಸು ಬಂದ ಮೇಲೆ ಅರಿಶಿನದ ನೀರಿನಲ್ಲಿ ತೊಳೆದು ನಿಂಬೆಹಣ್ಣು ಇಟ್ಟು ಒಳಗೆ ಸೇರಿಸಬೇಕು. ಪೆಟ್ಟಿಗೆ ಹೊತ್ತಾಗ ನನ್ನ ಆಟೋದಲ್ಲಿ ಹಾಡು ಹಾಕುವ ಹಾಗಿರಲಿಲ್ಲ. ಇಷ್ಟು ಮರ್ಯಾದೆ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದೆ ತಪ್ಪಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ದೊರೆ ತೀರಿಕೊಂಡದ್ದು ಬೇಸಿಗೆಯಲ್ಲಿ. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಒಂದು ಬೆಳಗಿನ ಜಾವ ಹೋದರಂತೆ ಎಂಬ ಸುದ್ದಿ ಬಂತು. ಬೆಂಗಳೂರಿನಲ್ಲಿ ಅಂಗಡಿ ಮುಚ್ಚಿದವು, ಬಸ್ಸಿನ ಗಾಜು ಒಡೆದವು, ಬಸ್ಸು ನಿಂತವು. ಬಳ್ಳಾರಿ ಕಡೆಯೂ ಬಂದ್. ಇಲ್ಲಿ ಜೀನ್ಸ್ ಹೊಲಿಯುವ ಕಾರ್ಖಾನೆಗಳನ್ನು ಹುಡುಗರೇ ಹೋಗಿ ಬಾಗಿಲು ಹಾಕಿಸಿದರು. ಓಬುಲೇಶ ಅಂಗಡಿಯ ಟಿವಿ ಮುಂದೆ ಕುಳಿತು ಮಗುವಿನ ಹಾಗೆ ಅಳುತ್ತಿದ್ದ. ಟಿವಿಯಲ್ಲಿ ದೊರೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಲಕ್ಷ ಜನ ಸಾಲಾಗಿ ಹೋಗುತ್ತಿದ್ದರು.

ಅಷ್ಟರಲ್ಲಿ ಅಭಿಮಾನಿ ಸಂಘದ ಅಧ್ಯಕ್ಷ ರಮೇಶ್ ಬಂದ. ಅವನದು ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿ. ಯಾರು ಸತ್ತರೂ ಹುಟ್ಟಿದರೂ ಅವನಿಗೆ ಕೆಲಸ.

“ಓಬುಲೇಶಣ್ಣ, ನಮ್ಮ ಮಂದಿಗೆ ಬೆಂಗಳೂರಿಗೆ ಹೋಗಾಕ ದಾರಿ ಇಲ್ಲ. ದರ್ಶನಾನ ಇಲ್ಲಿಗೇ ತರೋಣ್ರಿ. ನೋಡ್ರಿ ಟಿವ್ಯಾಗ, ನಿಮ್ಮಂಥದೇ ಪೆಟ್ಟಿಗಿ,” ಎಂದ.

ಓಬುಲೇಶ ಕಣ್ಣೊರೆಸಿಕೊಂಡು ತಲೆ ಆಡಿಸಿದ. “ಹೆಣ ಇಲ್ದ ಪೆಟ್ಟಿಗಿ ಹೊರಗ ತೆಗಿಯಂಗಿಲ್ಲಪ್ಪ. ಅದು ಚೊಲೋದಲ್ಲ.”

“ಇಲ್ಲ ಅಂತ ಯಾರಂದ್ರು? ದೊರೆ ಫೋಟೋ ಮಲಗಿಸ್ತೀವಿ. ಮನುಷ್ಯನ ಅಳತಿದ್ದು. ನೀವು ಅವರ ಮುಖಾನ ಇಷ್ಟು ವರ್ಷ ಗ್ವಾಡಿಗೆ ಅಂಟಿಸೀರಿ. ಕಡೀಗೆ ಒಂದಿನ ನಿಮ್ಮ ಪೆಟ್ಟಿಗ್ಯಾಗ ಮಲಗಲಿ. ಊರಿಗೂರೇ ನಿಮ್ಮನ್ನ ನೆನಿಸ್ತೈತಿ.”

ಕೊನೆಯ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. “ಮಧ್ಯಾಹ್ನದ ಮಟ ಅಷ್ಟ,” ಎಂದ.

ಫೋಟೋದ ಕಥೆ ಕೇಳಬೇಕು. ಮಲಗಿಸುವುದಕ್ಕೆ ಕಣ್ಣು ಮುಚ್ಚಿದ ಫೋಟೋ ಬೇಕಲ್ಲ, ದೊರೆ ಕಣ್ಣು ಮುಚ್ಚಿದ ಫೋಟೋ ರಮೇಶನ ಕಂಪ್ಯೂಟರಿನಲ್ಲಿ ಒಂದೂ ಇರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಕಪ್ಪು ಕನ್ನಡಕ ಹಾಕಿ ನಿಂತ ಫೋಟೋ ಒಂದನ್ನು ಪ್ರಿಂಟ್ ಮಾಡಿ ರಟ್ಟಿಗೆ ಅಂಟಿಸಿ ಕತ್ತರಿಸಿದರು. ಅದಕ್ಕೆ ಬಿಳಿ ಪಂಚೆ ಹೊದಿಸಿದರು. ತಲೆಯ ಹತ್ತಿರ ದೀಪ ಹಚ್ಚಿದರು. ಸರ್ಕಲ್ಲಿನ ನಡುವೆ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು, ಕೊಟ್ರಮ್ಮನ ಅಂಗಡಿಯಿಂದ ವೈರು ಎಳೆದು ಮೋಟಾರನ್ನೂ ಚಾಲೂ ಮಾಡಿದರು. ರಟ್ಟಿನ ಮನುಷ್ಯನಿಗೆ ತಂಪು ಯಾಕೆ ಎಂದು ನಾನು ಕೇಳಿದೆ. ಗಾಜಿನ ಮೇಲೆ ಮಂಜು ಕಟ್ಟಿದರೆ ಟಿವಿಯಲ್ಲಿ ಕಂಡ ಹಾಗೇ ಕಾಣುತ್ತದೆ ಎಂದ ರಮೇಶ್. ಹಾಗೇ ಕಂಡಿತು.

ಜನ ಬಂದರು. ನಾನು ನಕ್ಕುಬಿಡುತ್ತಾರೆ ಅಂದುಕೊಂಡಿದ್ದೆ, ಯಾರೂ ನಗಲಿಲ್ಲ. ಸಾಲು ಬಸ್ ಸ್ಟ್ಯಾಂಡ್ ದಾಟಿ ಬೆಳೆಯಿತು. ಹೂ ಮಾರುವ ಉಜ್ಜಿನಮ್ಮ ಗಾಜಿನ ಮೇಲೆ ಕೈಯಿಟ್ಟು, “ನನ್ನಪ್ಪಾ, ನಮ್ಮನ್ನ ಬಿಟ್ಟು ಹ್ಯಾಂಗ ಹೋದ್ಯೋ,” ಎಂದು ಹಾಡಿಕೊಂಡು ಅತ್ತಳು. ತೆಲುಗಿನವರು “ಎಂತ ಮಂಚೋಡು”, ಎಂಥ ಒಳ್ಳೆಯವನು, ಎಂದು ಕೆನ್ನೆ ಬಡಿದುಕೊಂಡರು. ಹೆತ್ತಪ್ಪ ಸತ್ತಾಗ ಮೂಲೆಯಲ್ಲಿ ನಿಂತು ಫೋನ್ ನೋಡುತ್ತಿದ್ದ ಗಂಡಸರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರೇ ಇಲ್ಲಿ ಬಿಕ್ಕಿ ಬಿಕ್ಕಿ ಅತ್ತರು. ಆ ಅಳು ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಮನೆಯಲ್ಲಿ ಅಳಲಾಗದ್ದನ್ನೆಲ್ಲ ಅವರು ಅಲ್ಲಿ ತಂದು ಅತ್ತರು ಎಂದು ಈಗ ಅನ್ನಿಸುತ್ತದೆ. ಆಗ ನನ್ನ ಕಣ್ಣೂ ಒದ್ದೆಯಾಗಿತ್ತು.

ಓಬುಲೇಶನಿಗೆ ಅದು ಬೇರೆಯೇ ದಿನವಾಯಿತು. ಸಂಘದವರು ಅವನಿಗೆ ಶಾಲು ಹೊದಿಸಿದರು. ಅವನು ಎದುರು ಬಂದರೆ ಬೈಕು ನಿಲ್ಲಿಸುತ್ತಿದ್ದವರು ಇವತ್ತು ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ಯಾವುದೋ ಯೂಟ್ಯೂಬ್ ಚಾನೆಲ್ಲಿನ ಹುಡುಗಿ ಮೌನಿಕಾ ಎಂಬುವಳು ಮೈಕು ಹಿಡಿದು ನಿಮಗೆ ಏನನ್ನಿಸುತ್ತದೆ ಎಂದು ಕೇಳಿದಳು. ಕೊಟ್ರಮ್ಮ ತಾನೇ ಬಂದು, “ಒಳಗ ಬಾರಪ್ಪ, ಕುಂತು ಕುಡಿ,” ಎಂದು ಕರೆದಳು. ಅವನು ಬೆಂಚಿನ ಮೇಲೆ ಜನರ ನಡುವೆ ಕುಳಿತು ಟೀ ಕುಡಿದ. ಯಾರೂ ಏಳಲಿಲ್ಲ. ಸಾವಿನ ದಿನ ಅವನ ಮುಖದಲ್ಲಿ ಅಂಥ ಕಳೆ ನಾನು ಎಂದೂ ಕಂಡಿರಲಿಲ್ಲ. ಮಧ್ಯಾಹ್ನವಾಯಿತು. ಪೆಟ್ಟಿಗೆ ತೆಗೆಯುವ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಗ ಸಾಲಿನಲ್ಲಿ ಒಬ್ಬ ಮುದುಕ ಪೆಟ್ಟಿಗೆಯ ಮುಂದೆ ಬಂದು ನಿಂತ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಟವೆಲು. ಅಷ್ಟು ಹೊತ್ತು ಬಿಸಿಲಲ್ಲಿ ನಿಂತು ಮುಖ ಕಪ್ಪಿಟ್ಟಿತ್ತು. ಅವನು ಹೂ ಹಾಕಲಿಲ್ಲ, ಕೈ ಮುಗಿಯಲಿಲ್ಲ. ಬಗ್ಗಿ ಟವೆಲಿನಿಂದ ಗಾಜಿನ ಮಂಜನ್ನು ಒರೆಸಿ ಒಳಗೆ ನೋಡಿದ. ಇನ್ನೊಂದು ಕಡೆಯಿಂದಲೂ ನೋಡಿದ. ಆಮೇಲೆ ಪಕ್ಕದಲ್ಲಿದ್ದ ಸಂಘದ ಹುಡುಗನಿಗೆ ಮೆಲ್ಲಗೆ ಹೇಳಿದ, “ಇದ್ರಾಗ ಯಾರೂ ಇಲ್ಲಲ್ರಿ.”

“ಏ ತಾತ, ಮುಂದ ನಡಿ,” ಎಂದ ಹುಡುಗ.

“ಇಲ್ಲಪ್ಪ, ಖಾಲಿ ಐತಿ. ನನಗ ಬೇಕಾಗಿತ್ತು. ಲೈನಾಗ ಬಾ ಅಂದ್ರು, ಅದಕ್ಕ ನಿಂತಿದ್ದೆ.”

ಹಿಂದಿನವರು ಕೂಗಾಡಿದರು. ದೊರೆಗೆ ಅವಮಾನ ಮಾಡುತ್ತಿದ್ದಾನೆ ಎಂದು ಯಾರೋ ಅವನ ಕಂಬಳಿ ಹಿಡಿದು ಜಗ್ಗಿದರು. ಓಬುಲೇಶ ಲೋಟ ಇಟ್ಟು ಎದ್ದು ಬಂದು ಮುದುಕನನ್ನು ನನ್ನ ಆಟೋದ ನೆರಳಿಗೆ ಕರೆದುಕೊಂಡು ಬಂದ.

ಮುದುಕನ ಹೆಸರು ಸುಂಕಪ್ಪ. ಕಣೇಕಲ್ಲು ದಾರಿಯ ಒಂದು ಹಟ್ಟಿಯಲ್ಲಿ ಕುರಿ ಸಾಕುವವನು. ಅವನ ಹೆಂಡತಿ ತಿಪ್ಪಕ್ಕ ಅವತ್ತು ಬೆಳಿಗ್ಗೆ ಸತ್ತಿದ್ದಳು. ಒಬ್ಬಳೇ ಮಗಳು ಗಂಗೋತ್ರಿ, ಬೆಂಗಳೂರಿನ ಲೇಡೀಸ್ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಮಾಡಿಕೊಂಡಿದ್ದಳು. ದೊರೆ ಸತ್ತದ್ದಕ್ಕೆ ಬಸ್ಸಿಲ್ಲ. ಹೇಗಾದರೂ ಮಾಡಿ ನಾಳೆ ಬೆಳಿಗ್ಗೆ ಬಂದು ಮುಟ್ಟುತ್ತೇನೆ, ಅವ್ವನ ಮುಖ ತೋರಿಸಿ, ಅವಳ ಬಾಯಿಗೆ ನಾನು ಹಾಲು ಬಿಡಬೇಕು ಎಂದು ಫೋನಿನಲ್ಲಿ ಗೋಳಾಡಿದ್ದಳಂತೆ.

“ಬಿಸಲು ನೋಡ್ರಿ ಹ್ಯಾಂಗೈತಿ,” ಎಂದ ಸುಂಕಪ್ಪ. “ಪೆಟ್ಟಿಗಿ ಇದ್ರ ನಾಳಿಗೆ ಇಡಬೌದು ಅಂದ್ರು. ಮಗಳು ಬಂದು ನೋಡಿದ್ರ ಆತ್ರಿ, ಇನ್ನೇನು ಬ್ಯಾಡ.”

ಓಬುಲೇಶ ಕಲ್ಯಾಣದುರ್ಗದಲ್ಲಿ ಇಂಥದೇ ಪೆಟ್ಟಿಗೆ ಇಟ್ಟವನಿಗೆ ಫೋನ್ ಮಾಡಿದ. ಅವನ ಪೆಟ್ಟಿಗೆ ಬೇರೆ ಊರಿಗೆ ಹೋಗಿತ್ತು. ಬಳ್ಳಾರಿಯಿಂದ ತರಿಸೋಣವೆಂದರೆ ಗಡಿಯಲ್ಲಿ ಗಾಡಿ ಬಿಡುತ್ತಿರಲಿಲ್ಲ. ರಮೇಶನ ಬಳಿ ಹೋಗಿ ಪೆಟ್ಟಿಗೆ ತೆಗೆಯಬೇಕು ಎಂದ.

“ಹುಚ್ಚೇನಣ್ಣ?” ಎಂದ ರಮೇಶ್. “ಲೀಡರ್ ಬರ್ತಾರ ನಾಕಕ್ಕ, ಹಾರ ಹಾಕಾಕ. ಈಗ ದೊರೆನ ಎತ್ತಿ ರೋಡಿಗೆ ಹಾಕಿದ್ರ ಮಂದಿ ನಮ್ಮನ್ನ ಸುಮ್ನ ಬಿಡ್ತಾರೇನು? ಆಮ್ಯಾಲೆ ಒಯ್ರಿ.”

ಪೆಟ್ಟಿಗೆ ಓಬುಲೇಶನದು. ಆಟೋ ನನ್ನದು. ವೈರು ಕಿತ್ತು ಎತ್ತಿಟ್ಟುಕೊಂಡು ಹೊರಟಿದ್ದರೆ ಏನಾಗುತ್ತಿತ್ತು? ಒಂದೆರಡು ಏಟು ಬೀಳುತ್ತಿದ್ದವು, ಅಷ್ಟೇ ತಾನೇ. ಅವನು ಸಾಲನ್ನು ನೋಡಿದ. ತನ್ನ ಹೆಗಲ ಮೇಲಿನ ಶಾಲನ್ನು ಒಮ್ಮೆ ಸರಿಮಾಡಿಕೊಂಡ. ಆ ಶಾಲು ಸರಿಮಾಡಿಕೊಂಡದ್ದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

“ತಾತ, ನಾಕಕ್ಕ ಬಿಡಿಸ್ತೀನಿ,” ಎಂದ ಸುಂಕಪ್ಪನಿಗೆ. “ಹೊತ್ತು ಇಳಿಯೋದ್ರಾಗ ನಿಮ್ಮ ಹಟ್ಟಿಗೆ ನಾನ ತರ್ತೀನಿ. ಅಲ್ಲಿ ಮಟ ಐಸ್ ಗಡ್ಡಿ ಇಟಗೊಂಡಿರ್ರಿ.”

“ಆತ್ರಿ. ನೀವು ಹೇಳಿದ ಮ್ಯಾಲೆ ಮುಗೀತು,” ಎಂದ ಮುದುಕ. ಅಲ್ಲೇ ನನ್ನ ಫೋನ್ ಕೇಳಿ ತೆಗೆದುಕೊಂಡು ಮಗಳಿಗೆ ಹೇಳಿದ, “ಪೆಟ್ಟಿಗಿ ಸಿಕ್ಕೈತವ್ವ. ಸಂಜಿಗೆ ಬರ್ತೈತಿ. ನೀ ಗಾಬ್ರಿ ಮಾಡ್ಕಬ್ಯಾಡ, ನಿದಾನ ಬಾ.” ಓಬುಲೇಶ ಓಡಿಹೋಗಿ ಐಸ್ ಗಡ್ಡೆ ತಂದು ಗೋಣಿಯಲ್ಲಿ ಸುತ್ತಿ ಅವನನ್ನು ಶೇರ್ ಆಟೋ ಹತ್ತಿಸಿದ. ಹೊರಡುವಾಗಲೇ ಗೋಣಿಯಿಂದ ನೀರು ಇಳಿಯುತ್ತಿತ್ತು.

ನಾಲ್ಕಕ್ಕೆ ಬರುತ್ತೇನೆಂದ ಲೀಡರು ನಾಲ್ಕಕ್ಕೆ ಬರುತ್ತಾರೆಯೇ? ಓಬುಲೇಶ ಬೆಂಚಿನ ಮೇಲೆ ಕೂರಲಾರದೆ ರಸ್ತೆಯ ಆ ತುದಿಗೂ ಈ ತುದಿಗೂ ಓಡಾಡಿದ. ಎರಡು ಸಲ ವೈರಿನ ಹತ್ತಿರ ಹೋಗಿ ನಿಂತು ವಾಪಸು ಬಂದ. ನಾನು, “ಕಿತ್ತು ಬಿಡು, ನಾ ಎತ್ತಿಕೊಳ್ತೀನಿ,” ಎಂದೆ. “ಇನ್ನೊಂದೀಟು ನೋಡಾನ,” ಎಂದ. ಲೀಡರು ಬಂದಾಗ ಬಿಸಿಲು ಹಳದಿಯಾಗಿತ್ತು. ಬಂದವರು ಹಾರ ಹಾಕಿ ಹೋಗುತ್ತಾರೆಯೇ? ಭಾಷಣ ಶುರುವಾಯಿತು. ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ. ಇಂಥ ಸೇವೆ ಮಾಡಿದ ಓಬುಲೇಶ್ ಗಾರು ಈ ಊರಿನ ಹೆಮ್ಮೆ ಎಂದು ಅವನದೇ ಮೈಕಿನಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಅವನು ತಲೆ ತಗ್ಗಿಸಿ ನಿಂತಿದ್ದ. ವಿನಯ ಎಂದುಕೊಂಡಿರಬೇಕು ನೋಡಿದವರು.

ರಟ್ಟಿನ ದೊರೆಯನ್ನು ತೆಗೆದು ರಮೇಶನ ಕೈಗೆ ಕೊಟ್ಟು, ಹಾರಗಳನ್ನು ಎತ್ತಿ ಹಾಕಿ, ಬಟ್ಟೆ ಮುಚ್ಚಿ ನಾವು ಹೊರಟಾಗ ಸೂರ್ಯ ಗುಡ್ಡದ ಹಿಂದೆ ಸರಿದಿದ್ದ. ನನ್ನ ಆಟೋ ಎಷ್ಟು ಓಡಬಲ್ಲದೋ ಅಷ್ಟು ಓಡಿಸಿದೆ. ಹಟ್ಟಿಯ ಮುಂದೆ ಗಂಡಸರು ಬೋರಿನ ನೀರಿನಲ್ಲಿ ಕೈಕಾಲು ತೊಳೆಯುತ್ತಿದ್ದರು. ಗುದ್ದಲಿಗಳನ್ನು ತೊಳೆದು ಗೋಡೆಗೆ ಆನಿಸಿದ್ದರು. ನನಗೆ ಅಲ್ಲಿಗೇ ಅರ್ಥವಾಯಿತು. ಓಬುಲೇಶ ಮಾತ್ರ ಆಟೋದಿಂದ ಜಿಗಿದು, “ತಂದೀನ್ರಿ, ಎಲ್ಲಿ ಇಳಿಸಾಣ?” ಎಂದ.

ಹಟ್ಟಿಯ ಹಿರಿಯ ನರಸಿಂಹಪ್ಪ ಅವನನ್ನು ದಿಟ್ಟಿಸಿ ನೋಡಿದ. “ಈಗ ಬಂದ್ರೇನ್ರಿ? ಐಸು ಬಂದೊಂದು ತಾಸಿಗೇ ನೀರಾತು. ಆ ಕಬ್ಬಿಣದ ಶೀಟಿನ ಮನ್ಯಾಗ ಹೆಂಗಸರು ಕೂಡಾಕ ಆಗಲಿಲ್ಲ. ಸುಂಕಪ್ಪ ನಿಮ್ಮ ದಾರಿ ನೋಡಿ ನೋಡಿ ಬ್ಯಾಡ ಬ್ಯಾಡ ಅಂತಿದ್ದ. ನಾವ ಬೈದು ಎತ್ತಿಸಿದ್ವಿ.”

ಓಬುಲೇಶ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ನರಸಿಂಹಪ್ಪ ಒಂದು ಚೊಂಬು ನೀರು ತರಿಸಿಕೊಟ್ಟ. ಸುಂಕಪ್ಪ ಮನೆಯೊಳಗೆ ದೀಪದ ಮುಂದೆ ಕುಳಿತಿದ್ದ. ಮಗಳಿಗೆ ಫೋನ್ ಮಾಡೋಣವೆಂದರೆ ಅವಳ ಫೋನು ಆಫ್ ಆಗಿತ್ತು. ದಾರಿಯಲ್ಲಿರುವವಳಿಗೆ ಹೇಳುವುದೂ ಬೇಡ, ಬಂದ ಮೇಲೆ ನೋಡಿಕೊಳ್ಳೋಣ ಎಂದರು ಹೆಂಗಸರು. ನಾನು ಓಬುಲೇಶನನ್ನು ಎಬ್ಬಿಸಿ ನಡಿ ಹೋಗೋಣ ಎಂದೆ.

“ನಾ ಬರಲ್ಲ,” ಎಂದ. “ಆ ಹುಡುಗಿಗೆ ನಾನ ಹೇಳಬೇಕು. ನನ್ನಿಂದ ಹಿಂಗಾತು ಅಂತ. ಅದನ್ನ ತಾತನ ಬಾಯಾಗಿಂದ ಹೇಳಸಬಾರದು.”

ಆ ಒಂದು ಮಾತಿಗೆ ನಾನೂ ಅವನ ಜೊತೆ ಉಳಿದೆ. ಆಟೋವನ್ನು ಮನೆಯ ಮುಂದಿನ ಬೇವಿನ ಮರದ ಕೆಳಗೆ ನಿಲ್ಲಿಸಿ ಅದರ ಪಕ್ಕದಲ್ಲೇ ಮಲಗಿದೆವು. ಅವನು ಶಾಲನ್ನು ಮಡಿಸಿ ಸೀಟಿನ ಕೆಳಗೆ ತುರುಕಿದ್ದ.

ಆಮೇಲೆ ನಡೆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೌನಿಕಾ ಮಾಡಿದ ವಿಡಿಯೋವನ್ನು ಎಷ್ಟೋ ಸಾವಿರ ಜನ ನೋಡಿದರು. ಓಬುಲೇಶ ಅಭಿಮಾನಿ ಸಂಘ ಬಿಟ್ಟ. ಪೆಟ್ಟಿಗೆ ಈಗಲೂ ಇದೆ, ಯಾರು ಕರೆದರೂ ಈಗಲೂ ಹೋಗುತ್ತಾನೆ, ಆದರೆ ಸಾವಿನ ಮನೆಯವರ ಮುಖ ನೋಡಿ ಮಾತಾಡುವುದಿಲ್ಲ. ಇಳಿಸಿ, ವೈರು ಸಿಕ್ಕಿಸಿ ದೂರ ಹೋಗಿ ನಿಲ್ಲುತ್ತಾನೆ. ದೊರೆಯ ಹದಿಮೂರನೆಯ ದಿನಕ್ಕೆ ಸಂಘದವರು ಅನ್ನ ಹಾಕಿದಾಗ ಅವನನ್ನು ಕರೆಯಲಿಲ್ಲ. ಶುಭವೋ ಅಶುಭವೋ, ಊಟದ ಜಾಗಕ್ಕೆ ಅವನು ಯಾಕೆ ಎಂದರಂತೆ. ಕೊಟ್ರಮ್ಮನ ಬೆಂಚಿನವರೂ ಮತ್ತೆ ಏಳುವುದಕ್ಕೆ ಶುರು ಮಾಡಿದರು. ಅದರ ಬಗ್ಗೆ ಅವನಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. ಅವನು ಬೇರೆಯದನ್ನು ಹೊತ್ತು ತಿರುಗುತ್ತಿದ್ದ. ಅದು ಆ ಹಟ್ಟಿಯಲ್ಲಿ ಬೆಳಗಾದ ಮೇಲೆ ಆದದ್ದು.

ಗಂಗೋತ್ರಿ ಬಂದದ್ದು ಎಳೆ ಬಿಸಿಲಿನಲ್ಲಿ. ಟೊಮೆಟೊ ಲಾರಿಯಲ್ಲಿ ಚಳ್ಳಕೆರೆವರೆಗೆ, ಅಲ್ಲಿಂದ ಯಾರಯಾರದೋ ಬೈಕು ಆಟೋ ಹಿಡಿದು ಬಂದಿದ್ದಳು. ರಸ್ತೆಯಲ್ಲಿ ಇಳಿದವಳು ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಿದ್ದಳು. ಬೇವಿನ ಮರದ ಕೆಳಗೆ ಬಿಳಿ ಬಟ್ಟೆ ಮುಚ್ಚಿದ ಪೆಟ್ಟಿಗೆಯನ್ನು ಕಂಡಳು. ಓಟ ನಿಂತಿತು. ಇನ್ನು ಅವಸರವಿಲ್ಲ ಎನ್ನುವವರಂತೆ ಸೆರಗಿನಿಂದ ಮುಖ ಒರೆಸಿಕೊಂಡು ನಡೆದು ಬಂದಳು. ಆಟೋ ಪಕ್ಕ ಎದ್ದು ನಿಂತಿದ್ದ ಓಬುಲೇಶನಿಗೆ ಕೈ ಮುಗಿದಳು.

“ಪೆಟ್ಟಿಗಿ ತಂದೋರು ನೀವ ಏನ್ರಿ ಅಣ್ಣ? ದಾರಿತುಂಬ ನಿಮ್ಮನ್ನ ನೆನಿಸಿಕೊಂತ ಬಂದೆ. ನಿಮ್ಮ ಹೊಟ್ಟಿ ತಣ್ಣಗಿರಲಿ.”

ಓಬುಲೇಶ ಅವಳನ್ನು ತಡೆಯಲು ಕೈ ಚಾಚಿದ. ಅವಳು ಅಷ್ಟರಲ್ಲಿ ಟ್ರಾಲಿಯ ಅಂಚು ಹಿಡಿದು ಹತ್ತಿ ಬಟ್ಟೆ ಸರಿಸಿದ್ದಳು. ಗಾಜಿನ ಕೆಳಗೆ ಒಂದಿಷ್ಟು ಸೇವಂತಿಗೆಯ ಎಸಳು ಅಂಟಿಕೊಂಡಿದ್ದವು, ಅಷ್ಟೇ. ಅವಳು ಗಾಜಿನ ಉದ್ದಕ್ಕೂ ಕೈಯಾಡಿಸಿದಳು. ಮೆಲ್ಲನೆ ಇಳಿದು ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ಅವರ ನಡುವಿನಿಂದ ಸುಂಕಪ್ಪ ಹೊರಗೆ ಬಂದ.

“ನಿನ್ನಿ ಸಂಜಿಗೆ ಮಣ್ಣು ಮಾಡಿದ್ವಿ ತಾಯಿ,” ಎಂದ. “ಇಡಾಕ ಆಗಲಿಲ್ಲ.”

“ಪೆಟ್ಟಿಗಿ ಬರ್ತೈತಿ ಅಂದಿದ್ಯಲ್ಲಪ್ಪ.”

ಓಬುಲೇಶ ಒಂದು ಹೆಜ್ಜೆ ಮುಂದೆ ಬಂದ. “ಅವ್ವ, ಅದು ನನ್ನಿಂದ...” ಎಂದ. ಸುಂಕಪ್ಪ ಕೈ ಎತ್ತಿ ಅವನನ್ನು ತಡೆದ. ಯಾಕೆ ತಡೆದನೋ ನನಗೆ ಈಗಲೂ ಗೊತ್ತಿಲ್ಲ. ಒಂದು ಸಾವಿನ ಮೇಲೆ ಇನ್ನೊಂದು ಜಗಳ ಬೇಡವೆಂದೋ, ರಟ್ಟಿನ ಗೊಂಬೆಗಾಗಿ ಅವ್ವನ ಮುಖ ತಪ್ಪಿತು ಎಂದು ಮಗಳಿಗೆ ಹೇಳುವುದು ಅವನಿಗೇ ನಾಚಿಕೆಯಾಯಿತೋ.

“ಇವರ ತಪ್ಪಿಲ್ಲವ್ವ,” ಎಂದ ಮುದುಕ. “ಪೆಟ್ಟಿಗಿ ಖಾಲಿ ಇರಲಿಲ್ಲ. ಅದ್ರಾಗ ಬ್ಯಾರೆ ಯಾರ್ದೋ ಹೆಣ ಇತ್ತು. ಅವರನ್ನ ಎತ್ತಿ ಹಾಕಿ ನಮಗ ಕೊಡು ಅನ್ನಾಕ ಬರ್ತೈತೇನು?”

ಗಂಗೋತ್ರಿ ಬಹಳ ಹೊತ್ತು ಅತ್ತಳು. ಹೆಂಗಸರು ಹಿಡಿದುಕೊಂಡು ಅತ್ತರು. ಓಬುಲೇಶ ಅಲ್ಲೇ ನಿಂತಿದ್ದ. ಹೇಳಬೇಕೆಂದು ಉಳಿದವನು ಹೇಳಲಿಲ್ಲ. ಮುದುಕ ಕೊಟ್ಟ ಸುಳ್ಳಿನ ಹಿಂದೆ ಸುಮ್ಮನೆ ನಿಂತುಬಿಟ್ಟ. ಅಳು ಒಂದಿಷ್ಟು ತಗ್ಗಿದ ಮೇಲೆ ಅವ್ವನ ಗುಂಡಿಯ ಹತ್ತಿರ ಹೋಗಲು ಎದ್ದವಳು ಅವನ ಮುಂದೆ ಬಂದು ನಿಂತಳು.

“ಪೆಟ್ಟಿಗ್ಯಾಗ ಇದ್ದೋರ ಮಕ್ಕಳೂ ದೂರದಾಗಿದ್ರೇನ್ರಿ ಅಣ್ಣ?” ಎಂದು ಕೇಳಿದಳು.

ಓಬುಲೇಶ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

“ಹೌದವ್ವ,” ಎಂದ.

“ಬಂದ್ರಾ? ಮುಖ ನೋಡಿದ್ರಾ?”

“ಬಂದ್ರು. ಭಾಳ ಮಂದಿ ಬಂದ್ರು. ಎಲ್ಲಾರೂ ನೋಡಿದ್ರು.”

ಅವಳು ತಲೆಯಾಡಿಸಿ ಮೂಗು ಒರೆಸಿಕೊಂಡಳು. “ಹೋಗ್ಲಿ ಬಿಡ್ರಿ ಅಣ್ಣ,” ಎಂದಳು. “ಅವರಾದ್ರೂ ನೋಡಿದ್ರಲ್ಲ.”